ಸಾಹೇಬರು ಕುರ್ಚಿ ಬಿಡಲಿಲ್ಲ

ನಮ್ಮ ಅತ್ತೆಗೆ ಸಾಹೇಬರು ರಾಜಕೀಯ ಬಿಟ್ಟದ್ದು ಹಿಡಿಸಲಿಲ್ಲ. ಹಾಗಾಗಿ ನಮ್ಮ ಅಂಗಳದ ಮಟ್ಟಿಗೆ ಅವರು ಬಿಡಲೇ ಇಲ್ಲ.

ಸಾಹೇಬರು ಅಂದರೆ ಆಗಿನ ಮುಖ್ಯಮಂತ್ರಿ. ಹೆಸರು ಬೇಡ. ಅವರು ನಮ್ಮವರು ಎಂದು ತಿಪಟೂರಿನವರೂ ಹೇಳುತ್ತಾರೆ, ತುರುವೇಕೆರೆಯವರೂ ಹೇಳುತ್ತಾರೆ, ಚಿಕ್ಕನಾಯಕನಹಳ್ಳಿಯವರಂತೂ ಜಗಳಕ್ಕೇ ನಿಲ್ಲುತ್ತಾರೆ. ಮುಂದಿನ ಸಲವೂ ಇವರೇ ಎಂದು ಎದುರು ಪಕ್ಷದವರೇ ಒಪ್ಪಿಕೊಂಡಿದ್ದ ಕಾಲದಲ್ಲಿ ಆ ಮನುಷ್ಯ ಒಂದು ದಿನ ಟೀವಿಯಲ್ಲಿ ಕೈಮುಗಿದು, "ನನ್ನ ಹೆಂಡತಿಗೆ ಮರೆವಿನ ಕಾಯಿಲೆ. ಇನ್ನು ಮೇಲೆ ನನಗೆ ಮನೆಯಲ್ಲಿ ಕೆಲಸವಿದೆ" ಎಂದು ಹೇಳಿ ಎದ್ದುಹೋದರು. ಯಾರೂ ಕೇಳಿರಲಿಲ್ಲ, ಯಾರೂ ದೂಡಿರಲಿಲ್ಲ. ನಮ್ಮ ಜನಕ್ಕೆ ಕುರ್ಚಿಗಾಗಿ ಹೊಡೆದಾಡುವವರು ಗೊತ್ತು, ಕುರ್ಚಿಯಿಂದ ಬಿದ್ದವರೂ ಗೊತ್ತು. ತಾವಾಗಿ ಇಳಿದವರ ಬಗ್ಗೆ ಏನು ಮಾತಾಡಬೇಕೆಂದು ಗೊತ್ತಿರಲಿಲ್ಲ. ಅವತ್ತು ಹೊನ್ನವಳ್ಳಿಯ ಟೀ ಅಂಗಡಿಯಲ್ಲಿ ಸಾವಿನ ಮನೆಯಷ್ಟೇ ಮಾತಿತ್ತು ಎಂದು ನನ್ನ ಗಂಡ ಬಂದು ಹೇಳಿದರು.

ಅತ್ತೆ ಟೀವಿ ಆರಿಸಿದರು. "ಹೆಂಡ್ತಿ ನೋಡ್ಕಳಕ್ಕೆ ನರ್ಸು ಸಿಗ್ತಾಳೆ. ರಾಜ್ಯ ನೋಡ್ಕಳಕ್ಕೆ ಯಾವ ನರ್ಸು ಸಿಗ್ತಾಳೆ?" ಅಂದರು. ಆ ಸಿಟ್ಟಿಗೆ ಕಾರಣವಿತ್ತು. ನಮ್ಮೂರ ಕೆರೆಗೆ ನಾಲೆ ನೀರು ತರುತ್ತೇನೆಂದು ಸಾಹೇಬರು ಮಾತು ಕೊಟ್ಟಿದ್ದರು. ಕೊಟ್ಟ ಮಾತಿನಂತೆ ಕೆಲಸ ಶುರುವಾಗಿ ಅರ್ಧ ದೂರ ಬಂದಿತ್ತು. ಅವರು ಇಳಿದರು, ನಾಲೆಯೂ ನಿಂತಿತು. ಇವತ್ತಿಗೂ ಅದು ಯಾರದೋ ಹೊಲದ ಬದುವಿನಲ್ಲಿ ಬಾಯಿ ತೆರೆದುಕೊಂಡು ನಿಂತಿದೆ, ಆಡು ಮೇಯುತ್ತವೆ.

ಮಾವ ತೀರಿಕೊಂಡ ಮೇಲೆ ನಮ್ಮಲ್ಲಿ ತೋಟ, ಅಟ್ಟ, ಕೊಬ್ಬರಿ ಎಲ್ಲ ಅತ್ತೆಯದೇ ದರ್ಬಾರು. ನಮ್ಮ ಕಡೆ ಕಾಯಿ ಕೆಡವಿದ ಕೂಡಲೇ ಒಡೆಯುವುದಿಲ್ಲ. ಅಟ್ಟಕ್ಕೆ ಹಾಕಿ, ಹತ್ತಿರ ಹತ್ತಿರ ಒಂದು ವರ್ಷ ಅದರ ಪಾಡಿಗೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿಗೆ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು, ಆಗ ಇಳಿಸುವುದು. ಗಂಡಸರು ಮಟ್ಟೆ ಸುಲಿದು ಹಾಕುತ್ತಾರೆ. ಹೆಂಗಸರು ಸುತ್ತ ಕೂತು ಮಚ್ಚಿನಲ್ಲಿ ಚಿಪ್ಪು ಬಿಡಿಸಿ, ಉಂಡೆ ಒಡೆಯದಂತೆ ಕೊಬ್ಬರಿ ತೆಗೆಯುತ್ತಾರೆ. ಈ ಕೆಲಸಕ್ಕೆ ಕೈ ಬೇಕು, ಕಣ್ಣು ಬೇಕು. ಕಿವಿ ಮತ್ತು ಬಾಯಿ ಖಾಲಿ. ಅದಕ್ಕೇ ಕೊಬ್ಬರಿ ಒಡೆಯುವ ಅಂಗಳಗಳಲ್ಲಿ ಒಂದೊಂದು ಕತೆ ನಡೆಯುತ್ತಲೇ ಇರುತ್ತದೆ. ಕೆಲವು ಕಡೆ ಧಾರಾವಾಹಿ, ಕೆಲವು ಕಡೆ ಪಕ್ಕದ ಮನೆಯ ಸೊಸೆ. ನಮ್ಮ ಅಂಗಳದಲ್ಲಿ ರಾಜ್ಯವೇ ನಡೆಯಿತು.

ಶುರುವಾದದ್ದು ಆ ವಾರದಲ್ಲೇ. ಅತ್ತೆ ಮಚ್ಚು ಕೈಗೆತ್ತಿಕೊಂಡು, "ಸಾಹೇಬ್ರು ಇವತ್ತು ಬಜೆಟ್ ಮಂಡಿಸ್ತಾರೆ ಕಣ್ರೇ" ಅಂದರು.

"ಬುಟ್ಟು ಹೋದ್ರಲ್ಲಮ್ಮ" ಎಂದು ಒಬ್ಬಳು ಅಂದಳು.

"ಯಾರಂದೋರು? ಹೆಂಡ್ತಿ ತೀರ್ಕಂಡ್ರು, ಪಾಪ. ತಿಥಿ ಮುಗಿಸ್ಕಂಡು ವಾಪಸ್ ಬಂದವ್ರೆ."

"ಅತ್ತೆ, ಬದುಕಿರೋರನ್ನ ಯಾಕೆ ಸಾಯಿಸ್ತೀರಿ?" ಎಂದೆ.

"ಆವಮ್ಮ ಇದ್ರೆ ಇವ್ರು ಕುರ್ಚಿ ಮೇಲೆ ಕೂರಲ್ಲ ಕಣೇ. ಎದ್ದೆದ್ದು ಒಳಕ್ಕೋಯ್ತಾರೆ. ನಾನೇನ್ ಮಾಡ್ಲಿ" ಅಂದರು ಅತ್ತೆ, ಒಗ್ಗರಣೆಗೆ ಸಾಸಿವೆ ಇಲ್ಲ ಅನ್ನುವಷ್ಟು ಸಲೀಸಾಗಿ.

ಅಲ್ಲಿಂದ ಮುಂದೆ ಆ ಸರ್ಕಾರ ವರ್ಷಗಟ್ಟಲೆ ನಡೆಯಿತು. ಕೊಬ್ಬರಿ ಕಾಲ ಮುಗಿದಾಗ ಅಧಿವೇಶನ ಮುಗಿಯುತ್ತಿತ್ತು, ಅಟ್ಟದಿಂದ ಕಾಯಿ ಇಳಿದಾಗ ಮತ್ತೆ ಸೇರುತ್ತಿತ್ತು. ಅತ್ತೆ ವಿಧಾನಸೌಧವನ್ನು ನೋಡಿದ್ದು ಬಸ್ಸಿನ ಕಿಟಕಿಯಿಂದ, ಅದೂ ಮರವೊಂದು ಅಡ್ಡ ಬಂದು ಅರ್ಧ. ಆದರೆ ಯಾವ ಮಂತ್ರಿ ಯಾವ ಕೋಣೆಯಲ್ಲಿ ಕೂರುತ್ತಾನೆ, ಯಾರ ಕಿಟಕಿಗೆ ಬಿಸಿಲು ಬರುತ್ತದೆ, ಯಾರು ಯಾರ ಜೊತೆ ಕಾಫಿ ಕುಡಿಯುವುದನ್ನು ಬಿಟ್ಟಿದ್ದಾರೆ, ಎಲ್ಲ ಹೇಳುತ್ತಿದ್ದರು. ನಾನು ಮೊದಮೊದಲು ನಕ್ಕೆ. ಆಮೇಲೆ ನಗು ನಿಂತಿತು. ಮಧ್ಯಾಹ್ನ ಅಡುಗೆಮನೆಯಲ್ಲಿ ಸಾರು ಕುದಿಯಲು ಬಿಟ್ಟು ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದೆ. ಸೀದದ್ದೂ ಇದೆ.

ನನ್ನನ್ನು ಬೆರಗುಗೊಳಿಸಿದ್ದು ಕತೆಯ ಉದ್ದವಲ್ಲ, ಅದರ ನ್ಯಾಯ. ಅತ್ತೆ ತಮ್ಮ ಸಾಹೇಬರಿಗೆ ಪುಕ್ಕಟೆ ಏನನ್ನೂ ಕೊಡಲಿಲ್ಲ. ಮಳೆ ಕೈಕೊಟ್ಟ ವರ್ಷ ಕತೆಯಲ್ಲೂ ಮಳೆ ಕೈಕೊಟ್ಟಿತು. "ಮಳೆ ಅವ್ರ ಕೈಲಿಲ್ಲ" ಅಂದುಬಿಟ್ಟರು. ಕೊರೊನಾ ಅಲ್ಲಿಗೂ ಬಂತು. ಒಮ್ಮೆ ಸಾಹೇಬರು ತಂಗಿಯ ಮಗನನ್ನು ಮಂತ್ರಿ ಮಾಡಿದರು. ಅಂಗಳದ ಹೆಂಗಸರು ಸಿಡಿದುಬಿದ್ದರು. ಬಂದು ಕೂತವರು ಮಾತಿಗೆ ಮೊದಲು, "ಅವನ್ನ ತೆಗೆದ್ರಾ?" ಎಂದು ಕೇಳುವುದು, ಅತ್ತೆ "ಇನ್ನೂ ಇಲ್ಲ" ಅನ್ನುವುದು. ಕೊನೆಗೆ ಉಪಚುನಾವಣೆಯೊಂದರಲ್ಲಿ ಸಾಹೇಬರ ಪಕ್ಷ ಸೋತಿತು. ಆಗ ಸಾಹೇಬರು ಬುದ್ಧಿ ಬಂದು ಹುಡುಗನನ್ನು ಕೈಬಿಟ್ಟರು. ಸೋಲಿಸಿದ್ದು ಅತ್ತೆಯೇ. ಸೋಲಿಸುವಾಗ ಅವರ ಮುಖ ಸಣ್ಣದಾಗಿತ್ತು.

ಶಾಸಕರು ರೆಸಾರ್ಟಿಗೆ ಹೋದದ್ದೂ ಆಯಿತು. ಅದಿಲ್ಲದೆ ನಮ್ಮ ರಾಜ್ಯದ ಕತೆ ಹೇಗೆ ಪೂರ್ತಿಯಾದೀತು. ಸಾಹೇಬರು ಪೊಲೀಸರನ್ನು ಕಳಿಸಲಿಲ್ಲ, ದುಡ್ಡು ಕಳಿಸಲಿಲ್ಲ. ಸರ್ಕಾರಿ ಬಸ್ಸು ಹತ್ತಿ ಒಬ್ಬರೇ ಹೋಗಿ ರೆಸಾರ್ಟಿನ ಗೇಟಿನ ಮುಂದೆ ಬುತ್ತಿ ಬಿಚ್ಚಿ ಕೂತರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಒಳಗಿದ್ದವರಿಗೆ ಮೂರು ಹೊತ್ತೂ ಪನೀರ್ ತಿಂದು ನಾಲಿಗೆ ಸತ್ತಿತ್ತಂತೆ. ಚಟ್ನಿಯ ವಾಸನೆಗೆ ಒಬ್ಬ ಬಂದ, ಅವನ ಹಿಂದೆ ಇನ್ನೊಬ್ಬ. ಸಾಹೇಬರು ಯಾರನ್ನೂ ಬೈಯಲಿಲ್ಲ, ರೊಟ್ಟಿ ಮುರಿದು ಕೊಟ್ಟರು. ಸರ್ಕಾರ ಉಳಿಯಿತು. ಇದನ್ನು ಕೇಳಿದ ದಿನ ಅಂಗಳದಲ್ಲಿ ಮಚ್ಚಿನ ಸದ್ದೇ ಇರಲಿಲ್ಲ. ಎಲ್ಲರೂ ಕಾಯಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಮತ್ತೆ ನಾಲೆ. ಅದು ಕತೆಯಲ್ಲಿ ಮುಗಿಯಿತು. ನೀರು ಹರಿದು ಬಂದು ನಮ್ಮ ಕೆರೆ ಕೋಡಿ ಬಿದ್ದ ದಿನವನ್ನು ಅತ್ತೆ ಒಂದು ಇಡೀ ಮಧ್ಯಾಹ್ನ ಹೇಳಿದರು.

ಈ ಕತೆ ನಮ್ಮ ಬೇಲಿ ದಾಟಿದ್ದು ಒಬ್ಬಳ ತಪ್ಪಿನಿಂದ. ಕೆಂಕೆರೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದವಳು, ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಕೊಬ್ಬರಿ ತೆಗೆಯುವಾಗ ಕೈಗೆ ಏಟಾದರೆ ಗಾಯ ಮಾಯುವ ತನಕ ಸರ್ಕಾರವೇ ಮನೆಗೆ ರೇಷನ್ ತಂದುಕೊಡಬೇಕೆಂದು ನಮ್ಮ ಅಂಗಳದ ಸಾಹೇಬರು ಆಗಷ್ಟೇ ಆದೇಶ ಮಾಡಿದ್ದರು. ಅವಳಿಗೆ ಹೆಬ್ಬೆರಳಿಗೆ ಮಚ್ಚು ತಗುಲಿತು. ಬಟ್ಟೆ ಸುತ್ತಿಕೊಂಡು ನೆಟ್ಟಗೆ ತಾಲ್ಲೂಕು ಕಚೇರಿಗೆ ಹೋಗಿ, "ನನ್ ರೇಷನ್ ಮನೆಗೆ ಕಳಿಸ್ರೀ" ಎಂದು ನಿಂತಳು. ಅಲ್ಲಿದ್ದವರು ಯಾವ ಆದೇಶ ಎಂದರು. ಸಾಹೇಬರದ್ದು ಎಂದಳು. ಅವರು ಬಿಟ್ಟು ಎಷ್ಟು ಕಾಲವಾಯಿತು ಎಂದರು. "ನಿಮ್ಮಲ್ಲಿ ಬುಟ್ಟಿರ್ಬೋದು ಕಣ್ರೀ. ನಮ್ಮಲ್ಲಿ ಬುಟ್ಟಿಲ್ಲ" ಎಂದಳು.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ವಾರ ಕಳೆಯುವುದರೊಳಗೆ ಆ ಮಾತು ತಿಪಟೂರು, ಹುಳಿಯಾರು, ಅರಳಗುಪ್ಪೆ ಎಲ್ಲ ಸುತ್ತಿತು. ಕೆಂಕೆರೆಯವಳು ಅವಮಾನದಿಂದ ಎರಡು ದಿನ ಬರಲಿಲ್ಲ. ಅತ್ತೆ ತಾವೇ ಅವಳ ಮನೆಗೆ ರಾಗಿ, ಬೇಳೆ ಹೊರಿಸಿಕೊಂಡು ಹೋಗಿ, "ತಗಳೇ, ಆರ್ಡರ್ ಆರ್ಡರೇ" ಎಂದು ಕೊಟ್ಟು ಬಂದರು.

ಅದೇ ಹೊತ್ತಿಗೆ ಚುನಾವಣೆಯ ಗಾಳಿ ಎದ್ದಿತ್ತು. ಪಕ್ಷ ಬಡಕಲಾಗಿ, ಬೇರೆ ದಾರಿ ಕಾಣದೆ, ಹಿರಿಯರೆಲ್ಲ ಸೇರಿ ಸಾಹೇಬರ ಮನೆಗೆ ಹೋಗಿ ವಾಪಸ್ ಬನ್ನಿ ಎಂದು ಕೇಳಿಕೊಂಡರಂತೆ. ಅವರು ಇಲ್ಲ ಅನ್ನಲಿಲ್ಲ. ಗುರುವಾರ ಸಂಜೆ ತಿಪಟೂರಿನಲ್ಲಿ ಉತ್ತರ ಹೇಳುತ್ತೇನೆ ಅಂದರಂತೆ. ನಮ್ಮ ಸೀಮೆಗೆ ಜೀವ ಬಂತು. ಬಂದರೆ ನಾಲೆ ಮುಗಿಯುತ್ತದೆ, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅತ್ತೆ ಹೊರಗೆ ಏನೂ ಹೇಳದಿದ್ದರೂ ಬುಧವಾರ ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿಕೊಂಡರು. ಹಬ್ಬವಿಲ್ಲದೆ ಬುಧವಾರ ನೀರು ಹಾಕಿಕೊಳ್ಳುವವರಲ್ಲ.

ಗುರುವಾರ ಹೊತ್ತು ನೆತ್ತಿಗೆ ಬರುವ ಮುಂಚೆ ನಮ್ಮ ಗೇಟಿನ ಮುಂದೆ ಒಂದು ಕಾರು ನಿಂತಿತು. ಹಿಂದೆ ಮುಂದೆ ಯಾವ ಗಾಡಿಯೂ ಇರಲಿಲ್ಲ. ಸಾಹೇಬರೇ ಓಡಿಸಿಕೊಂಡು ಬಂದಿದ್ದರು. ಟೀವಿಯಲ್ಲಿ ಕಂಡದ್ದಕ್ಕಿಂತ ಗಿಡ್ಡಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆ ಕಡೆ ಸುತ್ತಿ ಹೋಗಿ ಬಾಗಿಲು ತೆಗೆದು ಹೆಂಡತಿಯನ್ನು ಇಳಿಸಿದರು. ಆಕೆ ಚೆನ್ನಾಗಿ ಬಾಚಿದ ತಲೆಗೆ ಸೇವಂತಿಗೆ ಮುಡಿದಿದ್ದರು. ಅತ್ತೆಯನ್ನು ನೋಡಿದೆ. ಅತ್ತೆ ಸಾಹೇಬರನ್ನು ನೋಡುತ್ತಿರಲಿಲ್ಲ, ಆಕೆಯನ್ನು ನೋಡುತ್ತಿದ್ದರು.

ಕುರ್ಚಿ ತಂದೆವು. ಸಾಹೇಬರು ಅದರಲ್ಲಿ ಹೆಂಡತಿಯನ್ನು ಕೂರಿಸಿ, ತಾವು ಮಟ್ಟೆ ರಾಶಿಯ ಪಕ್ಕದ ಕಟ್ಟೆಯ ಮೇಲೆ ಕೂತರು.

"ನಿಮ್ಮಲ್ಲಿ ನಾನಿನ್ನೂ ಮುಖ್ಯಮಂತ್ರಿಯಂತೆ ಅಮ್ಮ" ಅಂದರು. "ಸಾಯಂಕಾಲ ಒಂದು ಉತ್ತರ ಕೊಡಬೇಕು. ಏನು ಹೇಳಬೇಕು ಅಂತ ಈ ಹೊತ್ತಿನ ತನಕ ನನಗೆ ತಿಳಿದಿಲ್ಲ. ಬಿಡದೆ ಇದ್ದಿದ್ರೆ ಏನಾಗ್ತಿತ್ತು ಅನ್ನೋದು ನಿಮಗೊಬ್ಬರಿಗೇ ಗೊತ್ತಂತೆ. ಕೇಳ್ಕೊಂಡು ಹೋಗೋಣ ಅಂತ ಬಂದೆ."

ಅವರು ತಮಾಷೆ ಮಾಡುತ್ತಿರಲಿಲ್ಲ. ಒಂದು ರಾಜ್ಯ ಆಳಿದ ಮನುಷ್ಯ ದಾರಿ ಕೇಳುವವರ ಹಾಗೆ ನಮ್ಮ ಅತ್ತೆಯ ಮುಂದೆ ಕೂತಿದ್ದರು. ನನಗೆ ಆ ಗಳಿಗೆ ನಂಬಲಾಗಲಿಲ್ಲ.

ಅತ್ತೆ ಹೇಳಲು ಶುರು ಮಾಡಿದರು. ಬಜೆಟ್ಟಿನಿಂದ ಶುರು ಮಾಡಿದರು, ತಿಥಿಯನ್ನು ಹಾರಿಸಿದರು. ಅಂಗಳದಲ್ಲಿ ಎಲ್ಲರೂ ಅದನ್ನು ಗಮನಿಸಿದೆವು, ಯಾರೂ ತಲೆ ಎತ್ತಲಿಲ್ಲ.

ರೆಸಾರ್ಟಿನ ಗೇಟು ಬಂದಾಗ ಸಾಹೇಬರು ಬಾಯಿ ತುಂಬ ನಕ್ಕರು. "ಇದು ನನಗೆ ಹೊಳೀಲೇ ಇಲ್ವಲ್ಲ" ಅಂದರು. ತಂಗಿಯ ಮಗನ ಮಾತು ಬಂದಾಗ, "ನನ್ನ ತಂಗಿಗೆ ಗಂಡುಮಕ್ಕಳೇ ಇಲ್ಲವಮ್ಮ" ಎಂದರು.

"ಅದು ನಿಮ್ ಸರ್ಕಾರದಲ್ಲಿ. ನಮ್ ಸರ್ಕಾರದಲ್ಲಿ ಅವ್ನೆ" ಅಂದರು ಅತ್ತೆ. ಸಾಹೇಬರು ತಪ್ಪಾಯಿತು ಎಂಬಂತೆ ಕೈ ಎತ್ತಿದರು.

ಕೇಳುತ್ತ ಕೇಳುತ್ತ ಅವರ ಬೆನ್ನು ನೆಟ್ಟಗಾಯಿತು. ಕಟ್ಟೆಯ ಅಂಚಿಗೆ ಬಂದು ಕೂತರು. ಅಧಿಕಾರಿ ಒಬ್ಬನ ವಿಷಯಕ್ಕೆ, "ಅವನನ್ನ ಅಲ್ಲಿಗೆ ಹಾಕಬಾರದಿತ್ತು" ಎಂದು ತೊಡೆ ತಟ್ಟಿಕೊಂಡರು. ಕಣ್ಣಲ್ಲಿ ಬೇರೆಯೇ ಬೆಳಕು ಬಂದಿತ್ತು. ಇಂಥವರಿಗಾಗಿ ಜನ ಯಾಕೆ ಬಿಸಿಲಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದರು ಎನ್ನುವುದನ್ನು ಅವತ್ತು ಹತ್ತಿರದಿಂದ ಕಂಡೆ. ಆ ಮನುಷ್ಯ ಆ ಕೆಲಸಕ್ಕೆಂದೇ ಹುಟ್ಟಿದವರು. ಮನೆಯಲ್ಲಿ ಕೂತು ಅವರು ಎಷ್ಟು ಹಸಿದಿದ್ದರೋ ಏನೋ.

ಅವರ ಹೆಂಡತಿ ಈ ನಡುವೆ ಕುರ್ಚಿಯಿಂದ ಇಳಿದು ನಮ್ಮ ಪಕ್ಕ ನೆಲದ ಮೇಲೆ ಕೂತಿದ್ದರು. ತುರುವೇಕೆರೆ ಕಡೆಯ ಹೆಣ್ಣುಮಗಳು. ರಾಶಿಯಿಂದ ಒಂದು ಕಾಯಿ ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಳಗೆ ಲೊಡಲೊಡ ಅಂದದ್ದಕ್ಕೆ ಮುಖ ಅರಳಿತು. ಮತ್ತೆ ಅಲ್ಲಾಡಿಸಿದರು. ನನ್ನ ಕಿವಿಗೂ ಹಿಡಿದು ಕೇಳಿಸಿದರು. ಕೈ ಬೆಚ್ಚಗಿತ್ತು.

ಅತ್ತೆ ನಾಲೆಗೆ ಬಂದರು. ನೀರು ಎಲ್ಲೆಲ್ಲಿ ಹಾಯ್ದು ಬಂತು, ಯಾವ ಊರಿನವರು ಆರತಿ ಎತ್ತಿದರು, ಎಲ್ಲ ಹೇಳಿದರು.

"ಕೆರೆಗೆ ಬಂತಾ?" ಎಂದು ಸಾಹೇಬರು ಕೇಳಿದರು.

"ಬಂತು ಸಾಹೇಬ್ರೇ. ಕೋಡಿ ಬಿತ್ತು."

ಅವರು ಕಣ್ಣು ಒರೆಸಿಕೊಂಡರು. "ಇನ್ನೂ ಮಾಡಬಹುದು. ಒಂದೇ ವರ್ಷದ ಕೆಲಸ" ಎಂದು ತಮಗೇ ಹೇಳಿಕೊಂಡರು. ಕೆಂಕೆರೆಯವಳು ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಬಂದೇ ಬರುತ್ತಾರೆ ಎಂದು ನಮಗೆಲ್ಲ ಆಗ ಖಾತ್ರಿಯಾಯಿತು.

ಆಗ ಆ ತಾಯಿ ನೆಲದಿಂದಲೇ ಕೂಗಿದರು. "ಡ್ರೈವರಣ್ಣ, ಹೊರಡೋಣ್ವಾ? ನಮ್ಮನೆಯವ್ರು ಊಟಕ್ಕೆ ಕಾಯ್ತಾ ಇರ್ತಾರೆ."

ಡ್ರೈವರಣ್ಣ ಅಂದದ್ದು ಸಾಹೇಬರಿಗೆ. ಅವರ ಮುಖದಲ್ಲಿ ಏನೂ ಕದಲಲಿಲ್ಲ. "ಹೊರಡೋಣಮ್ಮ, ಇನ್ನೊಂಚೂರು" ಅಂದರು. ದಿನವೂ ಹೇಳಿ ಹೇಳಿ ಸವೆದ ಮಾತಿನಷ್ಟು ಮೆತ್ತಗೆ ಬಂತು. ಲಕ್ಷ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುವುದನ್ನು ನಾನು ಟೀವಿಯಲ್ಲಿ ನೋಡಿದ್ದೆ. ಅವರನ್ನು ದೊಡ್ಡವರೆಂದು ನಾನು ಒಪ್ಪಿದ್ದು ಈ ಮಾತಿಗೆ.

ಸಾಹೇಬರು ಅತ್ತೆಯ ಕಡೆ ತಿರುಗಿದರು. "ಎಲ್ಲ ಹೇಳಿದಿರಿ ಅಮ್ಮ. ಇವಳು ಎಲ್ಲಿದ್ದಾಳೆ ನಿಮ್ಮ ಕತೇಲಿ? ನಾನು ಅಷ್ಟೆಲ್ಲ ಓಡಾಡುವಾಗ ಇವಳನ್ನ ಯಾರು ನೋಡ್ಕೊಳ್ತಿದ್ರು?"

ನರ್ಸು ಇದ್ದಾಳೆ ಅಂದಿದ್ದರೆ ಸಾಕಿತ್ತು. ಅತ್ತೆ ಹಿಂದೆ ತಾವೇ ಆಡಿದ ಮಾತು. ಒಳ್ಳೆಯ ನರ್ಸು, ಮನೆಮಗಳ ಹಾಗೆ ನೋಡಿಕೊಂಡಳು ಎಂದು ನಾಲ್ಕು ಮಾತು ಸೇರಿಸುವುದು ಅವರಿಗೆ ಕಷ್ಟವೇ? ಇಡೀ ಸರ್ಕಾರವನ್ನೇ ಹುಟ್ಟಿಸಿದ ಬಾಯಿ ಅದು. ಸಂಜೆ ತಿಪಟೂರಿನಲ್ಲಿ ಸಾಹೇಬರು ಹೂಂ ಅನ್ನುತ್ತಿದ್ದರು, ನಾಲೆ ಬರುತ್ತಿತ್ತು. ಅತ್ತೆ ಆಕೆಯನ್ನು ನೋಡಿದರು. ಆಕೆ ಕಾಯಿಯನ್ನು ಕಿವಿಗೆ ಹಿಡಿದುಕೊಂಡೇ ಇದ್ದರು.

"ಇಲ್ಲ ಸಾಹೇಬ್ರೇ" ಅಂದರು ಅತ್ತೆ. "ಮೊದಲ್ನೇ ದಿನಾನೇ ಸಾಯಿಸ್ಬುಟ್ಟೆ. ಅವ್ರನ್ನ ಇಟ್ಕಂಡು ನಿಮ್ಮನ್ನ ಕುರ್ಚಿ ಮೇಲೆ ಕೂರ್ಸಕ್ಕೆ ನಂಗೆ ಬರ್ಲಿಲ್ಲ."

ಸಾಹೇಬರು ಕೊಬ್ಬರಿ ರಾಶಿಯ ಕಡೆ ನೋಡಿದರು. ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ.

"ನನಗೂ ಬರಲಿಲ್ಲ ಅಮ್ಮ" ಅಂದರು. "ಎಷ್ಟು ಸಲ ಯೋಚನೆ ಮಾಡಿದೀನಿ. ಮಾಡಿದಾಗಲೆಲ್ಲ ನಾನೂ ಅದನ್ನೇ ಮಾಡಬೇಕಾಗ್ತಿತ್ತು."

ಅತ್ತೆ ಎದ್ದು ಸೆರಗು ಸರಿ ಮಾಡಿಕೊಂಡರು. "ಊಟದ ಹೊತ್ತಾಯ್ತು ಅವ್ರಿಗೆ. ಕರ್ಕಂಡೋಗಿ" ಅಂದರು. ಮಾತು ಒರಟಾಗಿಯೇ ಬಂತು, ಆದರೆ ಕೈ ಮುಗಿದಿತ್ತು. ಸಾಹೇಬರು ಎದ್ದರು. ಹೆಂಡತಿಯ ಮುಂದೆ ಬಗ್ಗಿ ಕೈ ಚಾಚಿದರು. ಆಕೆ ಪರಿಚಯವಿಲ್ಲದವರ ಕೈ ಹಿಡಿಯುವುದೋ ಬೇಡವೋ ಎಂದು ಒಂದು ಗಳಿಗೆ ನೋಡಿ, ಹಿಡಿದು ಎದ್ದರು. ಸೀರೆಗೆ ಅಂಟಿದ್ದ ನಾರನ್ನು ಸಾಹೇಬರು ಒಂದೊಂದಾಗಿ ತೆಗೆದು, ಆಮೇಲೆ ಕಾರಿಗೆ ಹತ್ತಿಸಿದರು.

ಕಾರು ಹೋದ ಮೇಲೆ ನನಗೆ ಅತ್ತೆಯ ಮೇಲೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಒಂದು ಮಾತಿನಲ್ಲಿ ಕೆರೆಯ ನೀರು ಹೋಯಿತಲ್ಲ ಎನ್ನಿಸಿತು. ಏನಾದರೂ ಅನ್ನಬೇಕೆಂದು ಹೋದರೆ ಅವರು ಹಿತ್ತಿಲ ಬಾಗಿಲಲ್ಲಿ ಗೋಡೆಗೆ ತಲೆ ಆನಿಸಿ ಅಳುತ್ತಿದ್ದರು. ಮಾವ ಹೋದಾಗಲೂ ನಾಲ್ಕು ಜನರ ಮುಂದೆ ಅತ್ತವರಲ್ಲ. ನಾನು ಹಿಂದಕ್ಕೆ ಬಂದೆ.

ಸಂಜೆ ಟೀವಿಯಲ್ಲಿ ಬಂತು. ಸಾಹೇಬರು ಹಿರಿಯರಿಗೆ ಕೈಮುಗಿದು ಆಗುವುದಿಲ್ಲ ಎಂದರು. ಕಾರಣ ಕೇಳಿದ್ದಕ್ಕೆ, ಕಾರಣ ಹಳೆಯದೇ ಎಂದರು. ಊರೆಲ್ಲ ಗೊಣಗಿತು.

ಬೆಳಿಗ್ಗೆ ಹೆಂಗಸರು ಎಂದಿನಂತೆ ಬಂದು ಕೂತರು. ಅತ್ತೆ ಮಚ್ಚು ಕೈಗೆತ್ತಿಕೊಂಡರು.

"ಸಾಹೇಬ್ರು ರಾಜೀನಾಮೆ ಕೊಟ್ರು ಕಣ್ರೇ."

ಕೆಂಕೆರೆಯವಳು ಮೆಲ್ಲಗೆ ಕೇಳಿದಳು. "ಯಾಕಮ್ಮ? ಹೆಂಡ್ರು ತೀರ್ಕಂಡಿದ್ರಲ್ಲ."

"ಎದ್ದು ಬಂದ್ರು" ಅಂದರು ಅತ್ತೆ.

ಸತ್ತವರು ಎದ್ದು ಬರುತ್ತಾರೆಯೇ ಎಂದು ಯಾರೂ ಕೇಳಲಿಲ್ಲ. ಹಿಂದಿನ ದಿನ ನಾವೆಲ್ಲ ಆಕೆಯನ್ನು ನೋಡಿದ್ದೆವು.